ಒಂದು ಬೆರಳು ಕಡಿಮೆ

“ಕೊನೆಗೆ ಇಲ್ಲ ಅಂತ ಅಳಿಸಿಹಾಕುವುದನ್ನು ಮೊದಲು ಇದೆ ಅಂತ ಯಾಕೆ ಬರೆಸುತ್ತೀರಿ, ಸರ್?”

ವನಜಾಕ್ಷಿ ಹೀಗೆ ಕೇಳಿದ್ದು ವಿಶ್ವವಿದ್ಯಾಲಯದ ಗಣಿತ ವಿಭಾಗದಲ್ಲಿ, ಓಂಕಾರಯ್ಯ ಮೇಷ್ಟ್ರ ಮೇಜಿನ ಮುಂದೆ ನಿಂತು. ಮಧ್ಯಾಹ್ನ ಮೂರೂವರೆಯ ಹೊತ್ತು. ಅವಳ ಎಡಗೈಯಲ್ಲಿ ಹಿಂದಿನ ದಿನ ಕೊಟ್ಟಿದ್ದ ಟೆಸ್ಟ್ ಪೇಪರು, ಬಲಗೈಯಲ್ಲಿ ಒಂದು ಅರ್ಜಿ. ಅರ್ಜಿಯ ಸಾರ ಇಷ್ಟೇ: ನನಗೆ ಗಣಿತ ಬೇಡ, ಬೇರೆ ವಿಷಯ ಕೊಡಿ. ವಿಷಯ ಬದಲಿಸಲು ಅಂದೇ ಕೊನೆಯ ದಿನ. ಕಚೇರಿಯ ಕಿಟಕಿ ಐದಕ್ಕೆ ಮುಚ್ಚುತ್ತದೆ. ಮೇಷ್ಟ್ರ ಸಹಿ ಒಂದು ಬಿದ್ದರೆ ಮುಗಿಯಿತು.

ಅವಳ ಊರಿನ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರ ಕುರ್ಚಿ ನಾಲ್ಕು ವರ್ಷದಿಂದ ಖಾಲಿ. ಡ್ರಿಲ್ ಮೇಷ್ಟ್ರೇ ಗಣಿತವನ್ನೂ ನೋಡಿಕೊಳ್ಳುತ್ತಿದ್ದರು. ತಮಗೆ ಬಾರದ ಲೆಕ್ಕ ಎದುರಾದರೆ ಸೀಟಿ ಊದಿ ಎಲ್ಲರನ್ನೂ ಆಟಕ್ಕೆ ಬಿಡುತ್ತಿದ್ದರು. ಮಕ್ಕಳಿಗೆ ಖುಷಿ, ವನಜಾಕ್ಷಿಗೆ ಸಂಕಟ. ಆ ಕುರ್ಚಿಯಲ್ಲಿ ಒಂದು ದಿನ ತಾನು ಕೂರಬೇಕು ಎಂದು ಹಟ ಹಿಡಿದು ಬಂದವಳು ಅವಳು. ಬಂದು ಏಳು ವಾರವಾಗಿತ್ತು. ಕ್ಯಾಲ್ಕುಲಸ್ ಶುರುವಾಗಿ ಐದು ವಾರ.

ಮೇಷ್ಟ್ರು ಪೇಪರನ್ನು ಕೈಗೆ ತೆಗೆದುಕೊಂಡರು. ಎಕ್ಸ್ ವರ್ಗದ ಡೆರಿವೇಟಿವ್ ಎಷ್ಟು, ಬುಡದಿಂದ ಮಾಡಿ ತೋರಿಸಿ ಎಂಬುದು ಪ್ರಶ್ನೆ. ಎಕ್ಸ್ ಅನ್ನು ಎಚ್‌ನಷ್ಟು ಮುಂದಕ್ಕೆ ಸರಿಸಬೇಕು. ವರ್ಗ ಎಷ್ಟು ಬದಲಾಯಿತೆಂದು ಕಳೆದು ನೋಡಬೇಕು. ಬಂದದ್ದನ್ನು ಎಚ್‌ನಿಂದ ಭಾಗಿಸಬೇಕು. ಆಮೇಲೆ ಎಚ್ ಸೊನ್ನೆಯ ಕಡೆಗೆ ಹೋಗುತ್ತದೆ. ಹೇಗೂ ಸೊನ್ನೆಗೆ ಹೋಗುವುದೇ ತಾನೇ ಎಂದು ವನಜಾಕ್ಷಿ ಮೊದಲ ಸಾಲಿನಲ್ಲೇ ಎಚ್ ಇದ್ದಲ್ಲೆಲ್ಲ ಸೊನ್ನೆ ಬರೆದಿದ್ದಳು. ಮೇಲೆ ಸೊನ್ನೆ, ಕೆಳಗೆ ಸೊನ್ನೆ. ದಾರಿ ಅಲ್ಲಿಗೇ ನಿಂತಿತ್ತು.

“ಕ್ಲಾಸಲ್ಲಿ ಎಲ್ಲರಿಗೂ ಬರುತ್ತೆ ಸರ್. ಮೇಲಿನ ಎರಡನ್ನು ಕೆಳಗಿಳಿಸು, ಮೇಲೆ ಒಂದು ಕಳೆ, ಎರಡು ಎಕ್ಸ್, ಮುಗೀತು ಅಂತಾರೆ. ಯಾಕೆ ಅಂತ ಕೇಳಿದರೆ ನನ್ನ ಪಕ್ಕದವಳು, ‘ಯಾಕೆ ಅನ್ನೋದಕ್ಕೆ ಎಷ್ಟು ಮಾರ್ಕ್ಸ್ ಇದೆಯೇ?’ ಅಂತ ನಗ್ತಾಳೆ. ಭಾಗಿಸುವಾಗ ಎಚ್ ಸೊನ್ನೆ ಅಲ್ಲ ಅಂತೀರಿ. ಭಾಗಿಸಿ ಆದ ಮೇಲೆ ಸೊನ್ನೆ ಅಂತೀರಿ. ಇದ್ದರೆ ಕೊನೆವರೆಗೂ ಇರಬೇಕು. ಇಲ್ಲ ಅಂದರೆ ಮೊದಲಿಂದಲೂ ಇರಬಾರದು. ಇದು ಮೋಸ ಅಲ್ವಾ ಸರ್?”

ಅವಳ ದನಿ ಸಣ್ಣಗಾಯಿತು.

“ಉಳಿದವರಿಗೆಲ್ಲ ಸಲೀಸಾಗಿ ಕೂರುತ್ತೆ. ನನ್ನ ಅಳತೆಯೇ ಇದಕ್ಕೆ ಸಾಲದು ಅನ್ನಿಸುತ್ತೆ. ಎಷ್ಟು ಎಳೆದರೂ ಒಂದು ಚೂರು ಕಡಿಮೆ ಬೀಳ್ತೀನಿ.”

ಮೇಷ್ಟ್ರು ಅರ್ಜಿಯ ಕಡೆ ನೋಡಲಿಲ್ಲ. ಕುರ್ಚಿ ತೋರಿಸಿದರು.

“ಕೂತ್ಕೋ ತಾಯಿ. ಐದಕ್ಕೆ ಇನ್ನೂ ಒಂದೂವರೆ ಗಂಟೆ ಇದೆ. ನನ್ನ ಕತೆ ಅಷ್ಟು ಉದ್ದ ಇಲ್ಲ.”

ಅವರು ಹೇಳಿದ ಕತೆ ಇದು.

ಒಬ್ಬ ಬಟ್ಟೆ ವ್ಯಾಪಾರಿ ಇದ್ದ. ಸುಳ್ಳು ಅಳತೆ ಎಂದರೆ ಅವನಿಗೆ ಆಗದು. ಅವನ ಅಂಗಡಿಯಲ್ಲಿ ಗಜ ಎಂದರೆ ಗಜ. ಕೂದಲೆಳೆಯಷ್ಟು ಹೆಚ್ಚಿಲ್ಲ, ಕೂದಲೆಳೆಯಷ್ಟು ಕಡಿಮೆಯಿಲ್ಲ. ಸುತ್ತಮುತ್ತ ಅದೇ ಅವನ ಹೆಸರು. ಸೊಂಟದಲ್ಲಿ ಸದಾ ಒಂದು ನೂಲಿನ ಉಂಡೆ. ಕಂಡದ್ದನ್ನೆಲ್ಲ ಅಳೆಯುವ ಚಾಳಿ. ಹೆಂಡತಿ ದೋಸೆ ಹುಯ್ದು ಹಾಕಿದರೆ ತಿನ್ನುವುದಕ್ಕೆ ಮುಂಚೆ ಎರಡು ದೋಸೆಯೂ ಒಂದೇ ಅಗಲ ಇವೆಯೇ ಎಂದು ನೂಲು ಹಿಡಿಯುತ್ತಿದ್ದನಂತೆ.

ಒಮ್ಮೆ ಒಂದು ಮದುವೆಮನೆಯ ಜವಳಿ ಅವನ ಪಾಲಿಗೆ ಬಂತು. ಹುಡುಗಿಯ ಧಾರೆ ಸೀರೆಯೂ ಅದರಲ್ಲೇ ಇತ್ತು. ಮದುವೆಯ ಊರು ಎಂಟು ಹರದಾರಿ ಆಚೆ, ಗಾಡಿಗೆ ಒಂದೂವರೆ ದಿನದ ದಾರಿ. ಐದನೆಯ ದಿನ ಬೆಳಿಗ್ಗೆ ಮುಹೂರ್ತ. ವ್ಯಾಪಾರಿ ಮಾತು ಕೊಟ್ಟ. ಗಾಡಿ ಹೂಡಲು ಹೋದರೆ ಎಡಗಡೆ ಚಕ್ರದ ಹಳಿ ಒಡೆದಿತ್ತು. ಹಳಿ ಎಂದರೆ ಮರದ ಚಕ್ರವನ್ನು ಸುತ್ತಲೂ ಬಿಗಿದು ಹಿಡಿಯುವ ಕಬ್ಬಿಣದ ಬಳೆ. ಅದಿಲ್ಲದೆ ತುಂಬಿದ ಗಾಡಿ ಹೊರಟರೆ ಊರ ಬಾಗಿಲು ದಾಟುವುದರೊಳಗೆ ಚಕ್ರ ತುಂಡುತುಂಡಾಗಿ ಬಿಚ್ಚಿಕೊಳ್ಳುತ್ತದೆ.

ವ್ಯಾಪಾರಿ ಚಕ್ರವನ್ನು ಕಮ್ಮಾರನ ಕುಲುಮೆಗೆ ಉರುಳಿಸಿಕೊಂಡು ಹೋದ. ಕಮ್ಮಾರ ಸುತ್ತಳತೆ ತೆಗೆದ. ಕಬ್ಬಿಣದ ಪಟ್ಟಿಯನ್ನು ಕಡಿದ, ಬಾಗಿಸಿದ, ಎರಡು ತುದಿ ಸೇರಿಸಿ ಬೆಸೆದ. ಮಧ್ಯಾಹ್ನಕ್ಕೆ ಹಳಿ ತಯಾರಾಗಿ ಗೋಡೆಗೆ ಒರಗಿ ನಿಂತಿತು.

ವ್ಯಾಪಾರಿಯ ಕೈ ಸುಮ್ಮನಿರಲಿಲ್ಲ. ನೂಲು ಬಿಚ್ಚಿ ಚಕ್ರದ ಸುತ್ತ ಹಿಡಿದು ಗುರುತಿಗೆ ಗಂಟು ಹಾಕಿದ. ಅದೇ ನೂಲನ್ನು ಹಳಿಯ ಒಳಸುತ್ತಿಗೆ ಹಿಡಿದ. ಸುತ್ತು ಮುಗಿಯಿತು, ನೂಲು ಮುಗಿಯಲಿಲ್ಲ. ಒಂದು ಬೆರಳಿನಷ್ಟು ಉಳಿಯಿತು.

“ಏನಯ್ಯ ಇದು? ಒಂದು ಬೆರಳು ಕಡಿಮೆ ಇದೆ.”

“ಹೌದು ಸಾವ್ಕಾರ್ರೇ. ಒಂದು ಬೆರಳು ಕಡಿಮೆಯೇ ಮಾಡಿದ್ದೀನಿ.”

“ಕಬ್ಬಿಣ ಕದ್ದದ್ದಲ್ಲದೆ ಹೌದು ಅಂತ ಬೇರೆ ಹೇಳ್ತೀಯಾ?”

“ಒಂದು ಬೆರಳು ಕಬ್ಬಿಣ ಕದ್ದು ನಾನೇನು ಹೆಂಡತಿಗೆ ಮೂಗುತಿ ಮಾಡಿಸಲಾ? ಇದು ಈಗ ಕಡಿಮೆ ಇದೆ. ಕಾಯಿಸಿದರೆ ಅರ್ಧ ಬೆರಳು ಜಾಸ್ತಿ ಆಗುತ್ತೆ. ಕೂರಿಸಿ ನೀರು ಹೊಯ್ದರೆ ಕಡಿಮೆಯೂ ಇರಲ್ಲ, ಜಾಸ್ತಿಯೂ ಇರಲ್ಲ.”

ವ್ಯಾಪಾರಿಗೆ ಮೈ ಉರಿಯಿತು. “ಇರೋದು ಒಂದು ಬಳೆ. ಕಡಿಮೆ ಅಂತೀಯ, ಜಾಸ್ತಿ ಅಂತೀಯ, ಎರಡೂ ಇಲ್ಲ ಅಂತೀಯ. ಒಂದೇ ಬಾಯಲ್ಲಿ ಮೂರು ಮಾತು! ನಾನು ಸೀರೆ ಅಳೆದುಕೊಟ್ಟು ಹೀಗೆ ಹೇಳಿದರೆ ಗಿರಾಕಿ ಸುಮ್ಮನೆ ಹೋಗ್ತಾನಾ?”

ಇಲ್ಲಿ ವನಜಾಕ್ಷಿಗೆ ನಗು ಬಂತು. ಆದರೆ ವ್ಯಾಪಾರಿಯ ಮಾತು ಅವಳಿಗೆ ಸರಿಯಾಗಿಯೇ ಕಂಡಿತು.

“ಅವನು ಕೇಳಿದ್ದರಲ್ಲಿ ತಪ್ಪೇನಿದೆ ಸರ್?”

“ತಪ್ಪೇನೂ ಇಲ್ಲ. ಪ್ರಾಮಾಣಿಕ ಮನುಷ್ಯ,” ಎಂದು ಮೇಷ್ಟ್ರು ಕತೆ ಮುಂದುವರಿಸಿದರು.

ಪಕ್ಕದ ಬೀದಿಯಲ್ಲಿ ಇನ್ನೊಬ್ಬ ಕಮ್ಮಾರನಿದ್ದ. ಗಿರಾಕಿ ಏನು ಹೇಳಿದರೂ ಹೂಂ ಅನ್ನುವವನು. ಚಕ್ರ ಎಷ್ಟಿದೆಯೋ ಹಳಿಯೂ ಅಷ್ಟೇ ಇರಬೇಕು ಎಂದ ವ್ಯಾಪಾರಿ. ಹೂಂ ಎಂದ ಅವನು. ಹಾಗೆಯೇ ಮಾಡಿದ. ನೂಲು ಹಿಡಿದರೆ ಗಂಟಿಗೆ ಗಂಟು ಕೂಡಿತು. ಬೆಂಕಿ ಬೇಕಾಗಲಿಲ್ಲ, ಹೊಗೆ ಏಳಲಿಲ್ಲ. ಮರದ ಕೊಡತಿಯಿಂದ ನಾಲ್ಕು ಏಟು ಹಾಕಿದ್ದಕ್ಕೆ ಹಳಿ ತಣ್ಣಗೆ ಹೋಗಿ ಕೂತಿತು.

“ನೋಡು, ಅಳತೆ ಅಂದರೆ ಇದು,” ಎಂದ ವ್ಯಾಪಾರಿ. ಬರುವಾಗ ಬೇಕೆಂದೇ ಮೊದಲನೆಯ ಕಮ್ಮಾರನ ಬಾಗಿಲ ಮುಂದಿನಿಂದ ಚಕ್ರ ಉರುಳಿಸಿಕೊಂಡು ಬಂದ.

ಮಾರನೆಯ ದಿನ ಬೆಳಿಗ್ಗೆ ಗಾಡಿ ಹೊರಟಿತು. ಗಾಡಿ ಹೊಡೆಯುವವನು ಮುಂದೆ, ವ್ಯಾಪಾರಿ ಜವಳಿಯ ಗಂಟಿನ ಮೇಲೆ. ಮೊದಲ ಹರದಾರಿ ಚೆನ್ನಾಗಿಯೇ ಹೋಯಿತು. ಬಿಸಿಲು ಏರಿತು. ಎರಡನೆಯ ಹರದಾರಿಯಲ್ಲಿ ಚಕ್ರ ಕಿರುಗುಟ್ಟತೊಡಗಿತು. ಎಣ್ಣೆ ಸಾಲದೇನೋ ಎಂದುಕೊಂಡು ವ್ಯಾಪಾರಿ ಕಣ್ಣು ಮುಚ್ಚಿದ. ಮುಂದೆ ಒಂದು ಒಣಹಳ್ಳ. ಗಾಡಿ ಅದರ ಕಲ್ಲಿನ ಮೇಲೆ ಇಳಿಯಿತೋ ಇಲ್ಲವೋ, ಹಳಿ ಕಳಚಿಕೊಂಡಿತು. ಗಾಡಿಗಿಂತ ಮುಂದೆ ತಾನೊಂದೇ ಉರುಳಿಕೊಂಡು ಹೋಗಿ, ಒಂದು ಸುತ್ತು ಹಾಕಿ ಮರಳಿನಲ್ಲಿ ಮಲಗಿತು.

ಬಿಸಿಲಿಗೆ ಮರ ಒಣಗಿ ಎಳ್ಳಿನಷ್ಟು ಕುಗ್ಗಿತ್ತು. ಅಷ್ಟೇ ಸಾಕಾಯಿತು. ಅಳತೆ ಸರಿಯಿತ್ತು, ಹಿಡಿತ ಇರಲಿಲ್ಲ.

ಗಾಡಿ ಹೊಡೆಯುವವನನ್ನು ಜವಳಿಯ ಕಾವಲಿಗೆ ಬಿಟ್ಟು, ವ್ಯಾಪಾರಿ ಚಕ್ರ ಬಿಚ್ಚಿದ. ಹಳಿಯನ್ನು ಅದಕ್ಕೆ ಹಗ್ಗದಿಂದ ಕಟ್ಟಿದ. ಎರಡನ್ನೂ ಉರುಳಿಸಿಕೊಂಡು ಊರ ಕಡೆ ನಡೆದ. ಅಂಗಿ ಬೆವರಿಗೆ ಮೈಗಂಟಿತು. ಬಾವಿಯ ಹತ್ತಿರ ನೀರು ಸೇದುತ್ತಿದ್ದ ಹೆಂಗಸೊಬ್ಬಳು ಹಗ್ಗ ಹಿಡಿದಂತೆಯೇ ಕೇಳಿದಳು: “ಎತ್ತು ಎಲ್ಲಿ ಸಾವ್ಕಾರ್ರೇ? ನೀವೇ ಹೂಡಿಕೊಂಡುಬಿಟ್ರಾ?” ವ್ಯಾಪಾರಿ ತಲೆಯೆತ್ತಲಿಲ್ಲ. ಅವನ ಕಣ್ಣ ಮುಂದೆ ಇದ್ದದ್ದು ಒಂದೇ. ಮಣೆಯ ಮೇಲೆ ಕೂರಬೇಕಾದ ಹುಡುಗಿ, ಮತ್ತು ಹಳ್ಳದಲ್ಲಿ ಬಿದ್ದಿರುವ ಅವಳ ಸೀರೆ.

ಸಂಜೆಗೆ ಮೊದಲನೆಯ ಕಮ್ಮಾರನ ಕುಲುಮೆಯ ಮುಂದೆ ಬಂದು ನಿಂತ. ಬೈಯುತ್ತಾನೆ ಎಂದುಕೊಂಡಿದ್ದ. ಕಮ್ಮಾರ ಬೈಯಲಿಲ್ಲ. ನಗಲೂ ಇಲ್ಲ. ಗೋಡೆಯ ಕಡೆ ಕೈ ತೋರಿಸಿದ. ಒಂದು ಬೆರಳು ಕಡಿಮೆಯ ಹಳಿ ಹಾಗೇ ಒರಗಿಕೊಂಡು ನಿಂತಿತ್ತು.

“ಬರ್ತೀರಿ ಅಂತ ಗೊತ್ತಿತ್ತು. ಮುರಿದು ಬೇರೆಯದಕ್ಕೆ ಹಾಕಲಿಲ್ಲ. ಬೆಳಿಗ್ಗೆ ಬನ್ನಿ. ಮಧ್ಯಾಹ್ನಕ್ಕೆ ಹೊರಟರೆ ನಾಳಿದ್ದು ಸಂಜೆಗೆ ಮದುವೆಮನೆ ಸೇರ್ತೀರಿ.”

ಬೆಳಿಗ್ಗೆ ಕಮ್ಮಾರ ಹಳಿಯನ್ನು ನೆಲದ ಮೇಲೆ ಮಲಗಿಸಿ, ಸುತ್ತಲೂ ಬೆರಣಿ ಜೋಡಿಸಿ ಬೆಂಕಿ ಹಚ್ಚಿದ. ಹಳಿ ಕಪ್ಪಿನಿಂದ ಕೆಂಪಿಗೆ ತಿರುಗಿತು. ವ್ಯಾಪಾರಿ ಅಭ್ಯಾಸಬಲದಿಂದ ಸೊಂಟದ ನೂಲು ತೆಗೆದು ಬಗ್ಗಿದ. ನೂಲು ತಾಗಿದ್ದೇ ತಡ ಹೊತ್ತಿಕೊಂಡು ಬೂದಿಯಾಯಿತು. ಬೆರಳ ತುದಿಯೂ ಚುರುಕ್ ಎಂದಿತು.

“ಇದು ಅಳೆಯೋ ಹೊತ್ತಲ್ಲ ಸಾವ್ಕಾರ್ರೇ, ಕೂರಿಸೋ ಹೊತ್ತು,” ಎಂದು ಕಮ್ಮಾರ ಅವನ ಕೈಗೆ ತುಂಬಿದ ಕೊಡ ಕೊಟ್ಟ. “ನಾನು ಹೂಂ ಅಂದ ಮೇಲೆ ಹೊಯ್ಯಿರಿ. ಅದಕ್ಕೆ ಮುಂಚೆ ಒಂದು ಹನಿಯೂ ಬೇಡ.”

ಕಮ್ಮಾರನೂ ಅವನ ಇಬ್ಬರು ಅಣ್ಣಂದಿರೂ ಇಕ್ಕಳದಿಂದ ಹಳಿಯನ್ನು ಎತ್ತಿ ತಂದು ಚಕ್ರದ ಮೇಲೆ ಹಿಡಿದರು. ವ್ಯಾಪಾರಿ ಬಗ್ಗಿ ನೋಡಿದ. ಚಕ್ರಕ್ಕೂ ಹಳಿಗೂ ನಡುವೆ ಸುತ್ತಲೂ ಒಂದು ಸಂದು. ಗೆರೆಯಷ್ಟು ಸಣ್ಣದು, ಆದರೆ ಇತ್ತು. ಇದು ನಿನ್ನೆ ಕಳಚಿದ್ದಕ್ಕಿಂತ ಸಡಿಲ! ಅಷ್ಟರಲ್ಲಿ ಹಳಿಯ ಒಂದು ಮಗ್ಗುಲು ಇಳಿಯಿತು. ಮರ ಹೊಗೆಯಾಡಿತು. ಇನ್ನೊಂದು ಮಗ್ಗುಲು ಇಳಿಯುವುದಕ್ಕೆ ಮುಂಚೆ ಸಣ್ಣ ಉರಿ ಎದ್ದಿತು. ಚಕ್ರ ಸುಟ್ಟರೆ ಗಾಡಿ ಇಲ್ಲ, ಗಾಡಿ ಇಲ್ಲದಿದ್ದರೆ ಸೀರೆ ಇಲ್ಲ. ವ್ಯಾಪಾರಿಗೆ ತಡೆಯಲಾಗಲಿಲ್ಲ. ಕೊಡ ಬಗ್ಗಿಸಿಬಿಟ್ಟ.

ಚೊಂಯ್ ಎಂದಿತು. ಹಬೆ ಕಳೆದ ಮೇಲೆ ನೋಡಿದರೆ ಹಳಿ ಅರ್ಧ ಒಳಗೆ, ಅರ್ಧ ಹೊರಗೆ. ಸೊಟ್ಟಗೆ ಕಚ್ಚಿಕೊಂಡು ಕೂತಿತ್ತು. ಇಳಿಯಲೊಲ್ಲದು, ಏಳಲೊಲ್ಲದು.

“ಹೇಳಿದ್ದೇನು, ನೀವು ಮಾಡಿದ್ದೇನು?” ಎಂದ ಕಮ್ಮಾರ.

“ಸುಡ್ತಾ ಇತ್ತಲ್ಲಯ್ಯ! ಸುಟ್ಟುಹೋಗಲಿ ಅಂತ ನೋಡ್ತಾ ನಿಲ್ಲಲಾ? ಜೊತೆಗೆ ಸಂದು ಬೇರೆ ಇತ್ತು. ನನ್ನ ಕಣ್ಣಾರೆ ಕಂಡೆ.”

“ಸ್ವಲ್ಪ ಸುಡದೆ ಕೂತ ಹಳಿ ನಾನಂತೂ ಕಂಡಿಲ್ಲ. ಇನ್ನು ಸಂದು. ಅದಿಲ್ಲದಿದ್ದರೆ ಹಳಿ ಎಲ್ಲಿಂದ ಇಳಿಯಬೇಕು, ಹೇಳಿ? ಇಳಿಯೋವರೆಗೂ ಅದು ಬೇಕು. ಇಳಿದ ಮೇಲೆ ಬೇಡ. ಹೇಗೂ ಮುಚ್ಚೋದೇ ತಾನೇ ಅಂತ ನೀವು ಇಳಿಯೋಕೆ ಮುಂಚೆಯೇ ಮುಚ್ಚಿಬಿಟ್ರಿ.”

ಮೇಷ್ಟ್ರು ಇಲ್ಲಿ ಒಂದು ಗುಟುಕು ನೀರು ಕುಡಿದರು. ವನಜಾಕ್ಷಿಯ ಕಣ್ಣು ಮೇಜಿನ ಮೇಲಿದ್ದ ಪೇಪರಿಗೆ ಹೋಯಿತು. ಮೊದಲ ಸಾಲಿನ ಸೊನ್ನೆಗಳು ಅಲ್ಲೇ ಇದ್ದವು.

ಕಮ್ಮಾರ ಆ ಹಳಿಯನ್ನು ಬಡಿದು ಬಡಿದು ಬಿಡಿಸಿದ. ಮತ್ತೆ ಬೆರಣಿ ಜೋಡಿಸಿದ. ಮತ್ತೆ ಬೆಂಕಿ. ಕೊಡ ತುಂಬಿಸಿ ವ್ಯಾಪಾರಿಯ ಕೈಗೇ ಕೊಟ್ಟ.

“ಬೇರೆ ಯಾರಿಗಾದರೂ ಕೊಡಪ್ಪ. ನನ್ನ ಕೈ ನನ್ನ ಮಾತು ಕೇಳಲ್ಲ,” ಎಂದ ವ್ಯಾಪಾರಿ.

“ಚಕ್ರ ನಿಮ್ಮದು. ಕೊಡ ನೀವೇ ಹಿಡೀರಿ.”

ಹಳಿ ಬಂತು. ಸಂದು ಕಂಡಿತು. ಮರ ಹೊಗೆಯಾಡಿತು, ಉರಿ ಎದ್ದಿತು. ಕಮ್ಮಾರ ಸುತ್ತ ತಿರುಗುತ್ತ ಸುತ್ತಿಗೆ ಹಾಕಿದ. ಇಲ್ಲೊಂದು ಏಟು, ಅಲ್ಲೊಂದು ಏಟು. ವ್ಯಾಪಾರಿಯ ಕೈಯಲ್ಲಿದ್ದ ಕೊಡದ ನೀರು ಅವನ ಕಾಲಿನ ಮೇಲೇ ತುಳುಕಿತು. ಅವನು ಉರಿಯ ಕಡೆ ನೋಡುವುದನ್ನು ಬಿಟ್ಟು ಕಮ್ಮಾರನ ಬಾಯಿಯ ಕಡೆ ನೋಡುತ್ತ ನಿಂತ. ಅಷ್ಟು ಉದ್ದದ ಹೊತ್ತನ್ನು ಅವನು ಯಾವ ನೂಲಿನಿಂದಲೂ ಅಳೆದಿರಲಿಲ್ಲ.

“ಹೂಂ!”

ವ್ಯಾಪಾರಿ ಕೊಡ ಬಗ್ಗಿಸಿದ. ಹಳಿ ಕೂಗಿಕೊಂಡಿತು. ಚಕ್ರದ ಕೀಲುಕೀಲೂ ಕಟಕಟನೆ ಸದ್ದು ಮಾಡಿ ಒಂದರೊಳಗೊಂದು ಸೇರಿಕೊಂಡಿತು. ಹಬೆ ಕಳೆಯಿತು. ವ್ಯಾಪಾರಿ ಸುತ್ತಲೂ ಉಗುರು ಆಡಿಸಿ ನೋಡಿದ. ಉಗುರು ಎಲ್ಲಿಯೂ ಇಳಿಯಲಿಲ್ಲ.

“ಆ ಸಂದು ಎಲ್ಲಿ ಹೋಯಿತಯ್ಯ?”

“ಎಲ್ಲೂ ಹೋಗಲಿಲ್ಲ ಸಾವ್ಕಾರ್ರೇ. ಅದೇ ಈಗ ಹಿಡಿತ.”

ಆ ಮಧ್ಯಾಹ್ನವೇ ವ್ಯಾಪಾರಿ ಚಕ್ರವನ್ನು ಹಳ್ಳಕ್ಕೆ ಉರುಳಿಸಿಕೊಂಡು ಹೋದ, ಗಾಡಿ ಮತ್ತೆ ಹೊರಟಿತು. ಮದುವೆಯ ಹಿಂದಿನ ಸಂಜೆ, ಚಪ್ಪರಕ್ಕೆ ಮಾವಿನೆಲೆ ಕಟ್ಟುತ್ತಿರುವಾಗ ಊರು ಸೇರಿತು. ಚಕ್ರದ ಮರ ಸವೆದು ಮುಗಿಯುವವರೆಗೂ ಆ ಹಳಿ ಕಳಚಲಿಲ್ಲ.

ಮೇಷ್ಟ್ರು ಕತೆ ನಿಲ್ಲಿಸಿದರು. ಗಂಟೆ ನಾಲ್ಕೂಕಾಲು. ವನಜಾಕ್ಷಿ ಪೇಪರನ್ನು ತನ್ನ ಕಡೆಗೆ ಎಳೆದುಕೊಂಡಳು. ಹಿಂದಿನ ಬಿಳಿ ಮಗ್ಗುಲಿಗೆ ತಿರುಗಿಸಿ ಬರೆಯತೊಡಗಿದಳು. ಈ ಸಲ ಎಚ್ ಅನ್ನು ಮುಟ್ಟಲಿಲ್ಲ, ಇರಗೊಟ್ಟಳು. ವರ್ಗ ಬಿಡಿಸಿದಳು. ಎಕ್ಸ್ ವರ್ಗಕ್ಕೆ ಎಕ್ಸ್ ವರ್ಗ ಹೋಯಿತು. ಎರಡು ಎಕ್ಸ್ ಎಚ್ ಉಳಿಯಿತು, ಜೊತೆಗೆ ಎಚ್ ವರ್ಗ. ಎಚ್‌ನಿಂದ ಭಾಗಿಸಿದಳು. ಕೆಳಗಿನ ಎಚ್ ಇಳಿದುಹೋಯಿತು. ಎರಡು ಎಕ್ಸ್, ಅದರ ಪಕ್ಕ ಒಂಟಿ ಎಚ್. ಅಲ್ಲಿ ಪೆನ್ನು ನಿಂತಿತು. ಈಗ ಅದನ್ನು ಸೊನ್ನೆಗೆ ಬಿಟ್ಟಳು. ಎರಡು ಎಕ್ಸ್.

ಪಕ್ಕದವಳು ಬಾಯಿಪಾಠ ಹೇಳಿದ್ದೂ ಅದನ್ನೇ. ಆದರೆ ಇದು ಬೇರೆ ಥರ ಕೂತಿತ್ತು.

“ಇಷ್ಟೇನಾ ಸರ್?”

“ಇಷ್ಟೇ. ಈ ಇಷ್ಟಕ್ಕೆ ದೊಡ್ಡದೊಡ್ಡವರು ಬಹಳ ವರ್ಷ ಜಗಳ ಆಡಿದ್ದಾರೆ. ಇದು ಮೋಸ ಅಲ್ಲವಾ ಅಂತ, ನೀನು ಕೇಳಿದ ಮಾತನ್ನೇ ಕೇಳಿದ್ದಾರೆ.”

ವನಜಾಕ್ಷಿಯ ಮುಖ ಅರಳಿತು. ಆದರೆ ಅರಳಿದ್ದು ನಿಲ್ಲಲಿಲ್ಲ. ಗೋಡೆಯ ಗಡಿಯಾರ ನೋಡಿದಳು.

“ಒಂದು ಲೆಕ್ಕ ಬಂತು ಸರ್. ಮುಂದಿನದು? ಕ್ಲಾಸು ಆಗಲೇ ನಾಲ್ಕು ಪಾಠ ಮುಂದೆ ಹೋಗಿದೆ. ಐದು ವಾರದಿಂದ ದಿನಾ ತಲೆ ಕಾಯುತ್ತೆ. ಉಂಡದ್ದು ಮೈಗೆ ಹತ್ತುತ್ತಿಲ್ಲ. ಇನ್ನೂ ಎಷ್ಟು ದಿನ ಹೀಗೆ ಅಂತ ಯಾರೂ ಹೇಳಲ್ಲ. ಬೇಡ ಸರ್, ಇಲ್ಲಿಗೆ ನಿಲ್ಲಿಸ್ತೀನಿ. ಸಹಿ ಹಾಕಿಬಿಡಿ.”

ಎದ್ದು ನಿಂತು, ಅರ್ಜಿಯನ್ನು ಮತ್ತೆ ಕೈಗೆತ್ತಿಕೊಂಡು ಮುಂದೆ ಚಾಚಿದಳು.

ಓಂಕಾರಯ್ಯ ಮೇಷ್ಟ್ರು ಪೆನ್ನಿನ ಮುಚ್ಚಳ ತೆಗೆದರು. ಕಾಗದವನ್ನು ತೆಗೆದುಕೊಳ್ಳಲಿಲ್ಲ. ಅದನ್ನು ಹಿಡಿದಿದ್ದ ಅವಳ ಕೈಯನ್ನು ನೋಡಿದರು.

“ಹಾಕ್ತೀನಿ ತಾಯಿ, ಮೊದಲು ಇಷ್ಟು ಹೇಳು: ಈಗ ಹಳಿ ಅರ್ಧ ಇಳಿದಿರುವಾಗಲೇ ಕೊಡ ಬಗ್ಗಿಸೋಕೆ ನಿಂತಿರೋದು ಯಾರು?”